ಬೀರಯ್ಯನ ಹೋರಿಗೆ ಚಲುವಯ್ಯನ ಔತಣ

“ಮುಂದಿನ ವರ್ಷ ಹುಣಸೂರು ತಾಲ್ಲೂಕಿನಲ್ಲಿ ಹುಟ್ಟೋ ಕರುಗಳೆಲ್ಲ ಈ ಹೋರಿ ಮುಖಾನೇ ಒತ್ಕೊಂಡು ಬರ್ಬೇಕು, ನೋಡ್ತಿರಿ” ಎಂದು ಚಲುವಯ್ಯ ಬಿಳಿಕೆರೆಯ ಟೀ ಅಂಗಡಿಯಲ್ಲಿ ಘೋಷಿಸಿದ.

ಹೋರಿ ಅವನದಲ್ಲ. ಗೆಳೆಯ ದೊಡ್ಡಬೀರಯ್ಯನದು. ಬೀರಯ್ಯ ತೀರಿಕೊಂಡು ತಿಂಗಳಾಗಿತ್ತು. ಅಂದಿನಿಂದ ಬೂದ ಎಂಬ ಆ ಬೀಜದ ಹೋರಿ ಯಾವ ಹಸುವಿನತ್ತಲೂ ಮೂತಿ ತಿರುಗಿಸಿರಲಿಲ್ಲ. ಬೀರಯ್ಯನ ಹೆಂಡತಿ ಚಿಕ್ಕಬಸಮ್ಮ ಹಗ್ಗವನ್ನು ಚಲುವಯ್ಯನ ಕೈಗಿಟ್ಟು, “ಯುಗಾದಿವರೆಗೂ ನೋಡಣ್ಣ. ಆಗ್ಲೂ ಇಂಗೇ ಇದ್ರೆ ಬೀಜ ಒಡ್ಸಿ ಗಾಡಿಯವ್ರಿಗೆ ಕೊಟ್ಬುಡ್ತೀನಿ” ಎಂದಿದ್ದಳು.

ಗೆಳೆಯನ ಹೋರಿ ಗಾಡಿಗೆ ಹೋಗುವುದೇ? ಚಲುವಯ್ಯ ತನ್ನ ಕೊಟ್ಟಿಗೆಯನ್ನು ಅರಮನೆಯ ಅಡುಗೆಮನೆ ಮಾಡಿದ. ಖನಿಜದ ಪುಡಿ, ಟಾನಿಕ್, ಮೊಳಕೆ ಹುರುಳಿ, ಬುಟ್ಟಿಗಟ್ಟಲೆ ಹತ್ತಿಬೀಜದ ಹಿಂಡಿ, ಕೊನೆಗೆ ಮೊಟ್ಟೆ.

ಹೆಂಡತಿ ಪ್ರೇಮಾ ಬಾಗಿಲಲ್ಲಿ ನಿಂತಳು. “ಮದ್ವೆಯಾಗಿ ಇಪ್ಪತ್ತೆಂಟು ವರ್ಷ. ನಂಗೊಂದಿನ ಮೊಟ್ಟೆ ಸುಲ್ದು ಕೊಟ್ಟಿದ್ರಾ?”

“ನೀನೇನು ತಾಲ್ಲೂಕಿಗೆ ಕರು ಕೊಡ್ಬೇಕಾ?”

“ಮನೆಗೆ ಎರಡು ಕೊಟ್ಟಿವ್ನಿ. ಎರಡೂ ನಿಮ್ಮಂಗೇ ಅವೆ.”

ಎರಡು ತಿಂಗಳಲ್ಲಿ ಬೂದ ಪೀಪಾಯಿಯಂತಾದ. ಕೆ.ಆರ್. ನಗರ ಕಡೆಯಿಂದ ಚೆಲುವರಾಜು ಎಂಬ ರೈತ ಬೆದೆಗೆ ಬಂದ ತನ್ನ ಹಸುವನ್ನು ಟೆಂಪೋದಲ್ಲಿ ತಂದ. ಬೀದಿಯವರೆಲ್ಲ ಸೇರಿದರು. ಬೂದ ಹಸುವನ್ನೊಮ್ಮೆ ಮೂಸಿದ, ದೀರ್ಘವಾಗಿ ಆಲೋಚಿಸಿದ, ಸಂಸಾರ ಬಿಟ್ಟ ಸ್ವಾಮಿಯಂತೆ ಮಲಗಿ ಮೆಲುಕು ಹಾಕತೊಡಗಿದ.

“ಏನಣ್ಣ ಇದು, ಮದ್ವೆಗೆ ಎಣ್ಣು ಕರ್ಕೊಂಡ್ ಬಂದ್ರೆ ಗಂಡು ಊಟಕ್ಕೆ ಕುಂತ್ಬುಟ್ಟ?” ಎಂದ ಚೆಲುವರಾಜು.

ಪಶುವೈದ್ಯೆ ಅನುಶ್ರೀ ಬಂದು ಹೋರಿಯ ಮೈ ತಡವಿದಳು. “ಪಕ್ಕೆಲುಬು ಎಲ್ರೀ?”

“ಒಳಗೇ ಅದೆ ಮೇಡಂ.”

“ಮೊದಲು ಹತ್ತಿಬೀಜದ ಹಿಂಡಿ ನಿಲ್ಸಿ. ಅದು ಹೆಚ್ಚಾದ್ರೆ ಬೀಜಕ್ಕೇ ತೊಂದರೆ. ಪುಡಿ ನಾನು ಹೇಳಿದಷ್ಟೇ ಹಾಕಿ. ಬೀರಯ್ಯನವರು ಏನು ಮಾಡ್ತಿದ್ರು?”

ಬೀರಯ್ಯ ದಿನಾ ಬೆಳಿಗ್ಗೆ ಹೋರಿಯನ್ನು ಕೆರೆ ಏರಿಯುದ್ದಕ್ಕೂ ನಡೆಸುತ್ತಿದ್ದ. “ಬಾರ್ಲಾ, ಜೊತೇಲಿ ಓಗನ” ಎಂದು ಎಷ್ಟು ಸಲ ಕರೆದಿದ್ದ. ಚಲುವಯ್ಯ ಒಂದು ದಿನವೂ ಎದ್ದು ಹೋಗಿರಲಿಲ್ಲ.

ಮರುದಿನ ಹೋದ. ಅವನು ಹೋರಿಯನ್ನು ನಡೆಸಲಿಲ್ಲ, ಹೋರಿ ಅವನನ್ನು ಎಳೆಯಿತು. ತೂಬಿನ ಬಳಿಯ ಕಲ್ಲಿನ ಹತ್ತಿರ ಬಂದದ್ದೇ ಮಲಗಿಬಿಟ್ಟಿತು. ಬೈದ, ಬೇಡಿಕೊಂಡ, ಬಾಲ ತಿರುಚಿದ. ಏಳಲಿಲ್ಲ. ಸೋತು ಕಲ್ಲಿನ ಮೇಲೆ ಕುಳಿತಾಗ ನೆನಪಾಯಿತು: ಬೀರಯ್ಯ ದಿನಾ ಕೂತು ಬೀಡಿ ಸೇದುತ್ತಿದ್ದ ಕಲ್ಲು ಇದೇ. ದಾರಿಹೋಕನೊಬ್ಬನಿಂದ ಬೀಡಿ ಪಡೆದು ಹಚ್ಚಿದ. ಹುಟ್ಟಿದಾಗಿನಿಂದ ಸೇದದವನು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡ. ನೀರೆಲ್ಲ ಬೀಡಿಯದಲ್ಲ. ಬೀಡಿ ಮುಗಿಯಿತು, ಬೂದ ಎದ್ದು ಹೊರಟ. ಅಂದಿನಿಂದ ದಿನಾ ಬೆಳಿಗ್ಗೆ ಅದೇ ಏರಿ, ಅದೇ ಕಲ್ಲು, ಒಂದು ಬೀಡಿ; ಬೂದನ ಪಕ್ಕೆಲುಬು ಮೆಲ್ಲಗೆ ಹೊರಗೆ ಕಾಣತೊಡಗಿತು.

ಯುಗಾದಿಗೆ ನಾಲ್ಕು ದಿನವಿರುವಾಗ ಚೆಲುವರಾಜು ಅದೇ ಹಸುವನ್ನು ಮತ್ತೆ ತಂದ. ಈ ಸಲ ಗಂಡು ಊಟಕ್ಕೆ ಕೂರಲಿಲ್ಲ. ಬೀದಿಯೆಲ್ಲ ಸಿಳ್ಳೆ.

“ನೋಡ್ದ್ಯಾ ಬಸಮ್ಮ, ನನ್ ಪುಡಿ ಮಹಿಮೆ...” ಎಂದು ಚಲುವಯ್ಯ ಶುರುಮಾಡಿದ.

ಚಿಕ್ಕಬಸಮ್ಮ ಹಗ್ಗವನ್ನು ಅವನ ಕೈಯಿಂದ ಬಿಡಿಸಿಕೊಂಡಳು. “ಹೋರಿ ಎಲ್ಲೂ ಓಗಲ್ಲ ಬುಡಣ್ಣ, ನಮ್ ಕೊಟ್ಟಿಗೇಲೇ ಇರ್ತದೆ. ಮೇವು ನಾನ್ ಹಾಕ್ತೀನಿ, ನೀನ್ ಕೈ ಹಾಕ್ಬೇಡ. ದಿನಾ ಬೆಳಿಗ್ಗೆ ಬಂದು ಅದು ಕರ್ಕೊಂಡೋದ ಕಡೆ ಓಗು, ಸಾಕು.”

ಮನೆಗೆ ಹೊರಟವಳು ತಿರುಗಿ ನಿಂತಳು.

“ಬೀಡಿ ಮಾತ್ರ ಮರೀಬೇಡ.”