ನಲವತ್ತೊಂಬತ್ತು ರೂಪಾಯಿ ಹೆಚ್ಚುವರಿ

ಬೆಳಗ್ಗೆ ಏಳಕ್ಕೆ ಮುರಳೀಕೃಷ್ಣ ತನ್ನ ಆನ್‌ಲೈನ್ ಚಟ್ನಿಪುಡಿ ಅಂಗಡಿಯಲ್ಲಿ ಒಂದು ಸಾಲು ಸೇರಿಸಿದ: ‘ಕ್ಯಾಶ್ ಆನ್ ಡೆಲಿವರಿಗೆ ₹49 ಹೆಚ್ಚುವರಿ.’ ಏಳೂಕಾಲಿಗೆ ಮಹಡಿ ಮನೆಯ ರಾಗಿಣಿ ಆಂಟಿ ಚಂದ್ರಾ ಲೇಔಟಿನ ಅರ್ಧ ಬೀದಿಗೆ ಕೇಳುವಂತೆ ಕೂಗಿದರು.

“ಏನೋ ಮುರಳಿ, ನಿಮ್ಮನೆ ಪುಡಿ ನಮ್ಮನೆ ಮೆಟ್ಟಿಲು ಹತ್ತೋಕೆ ನಲವತ್ತೊಂಬತ್ತು ರೂಪಾಯಾ?”

“ಕೆಳಗೆ ಬಂದು ಅಮ್ಮನ ಹತ್ರ ತಗೊಳ್ಳಿ ಆಂಟಿ.”

“ಆನ್‌ಲೈನಲ್ಲಿ ಹತ್ತು ಪರ್ಸೆಂಟ್ ಕಮ್ಮಿ ಅಲ್ವಾ?”

“ಹಾಗಾದ್ರೆ ಫೋನಲ್ಲೇ ದುಡ್ಡು ಕಟ್ಟಿ.”

“ಸಾಮಾನು ನೋಡ್ದೆ ದುಡ್ಡು ಕೊಡೋ ಪದ್ಧತಿ ನಮ್ಮನೇಲಿಲ್ಲಪ್ಪ.”

ಮುರಳಿಗೂ ಬೇರೆ ದಾರಿಯಿರಲಿಲ್ಲ. ಹೋದ ತಿಂಗಳು ಮುಂಗಡ ದುಡ್ಡಿಲ್ಲದೆ ಕಳಿಸಿದ ಪಾರ್ಸೆಲ್‌ಗಳಲ್ಲಿ ಅರ್ಧ, ಬಾಗಿಲಲ್ಲೇ ಬೇಡವೆನಿಸಿಕೊಂಡು, ಮದುವೆಮನೆಯಲ್ಲಿ ಊಟ ಸಿಗದ ನೆಂಟರ ಹಾಗೆ ಮುಖ ಊದಿಸಿಕೊಂಡು ವಾಪಸ್ ಬಂದಿದ್ದವು. ಹೋಗುವ ಖರ್ಚು, ಬರುವ ಖರ್ಚು ಎರಡೂ ಅವನದೇ. ಈ ತಿಂಗಳೂ ಹೀಗೇ ಆದರೆ ಅಂಗಡಿ ಮುಚ್ಚಿ ಚಿಕ್ಕಪ್ಪನ ಟೈಲ್ಸ್ ಅಂಗಡಿಯಲ್ಲಿ ಬಿಲ್ ಬರೆಯಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಒಂಬತ್ತಕ್ಕೆ ಫೋನ್ ಟಿಂಗ್ ಎಂದಿತು. ಇಪ್ಪತ್ತೆರಡು ಪ್ಯಾಕೆಟ್, ಒಂದೇ ಆರ್ಡರ್, ಇವತ್ತೇ ಡೆಲಿವರಿ. ನಲವತ್ತೊಂಬತ್ತೂ ಸೇರಿ ಎರಡು ಸಾವಿರದ ನಾನೂರ ಇಪ್ಪತ್ತೈದು!

“ಅಮ್ಮಾ, ಯಾರೋ ಪುಣ್ಯಾತ್ಮರು ಚಾರ್ಜ್ ಕೊಟ್ಟೇ ತಗೊಂಡಿದಾರೆ!”

“ಒಳ್ಳೇದಾಯ್ತಲ್ಲೋ,” ಎಂದು ಸೀತಮ್ಮ ನಕ್ಕರು.

ಮನೆಯಲ್ಲಿದ್ದದ್ದು ಹದಿನಾರೇ ಪ್ಯಾಕೆಟ್. ಕೊರಿಯರ್‌ನವರು ಹನ್ನೆರಡಕ್ಕೆ ಬರುತ್ತಾರೆ. ಹೆಸರು, ವಿಳಾಸ ನೋಡಲೂ ಪುರುಸೊತ್ತಿಲ್ಲದೆ ಮುರಳಿ ವಿಜಯನಗರ ಮಾರ್ಕೆಟ್ಟಿಗೆ ಓಡಿದ. ಕೊಬ್ಬರಿ ತಂದ, ಮೆಣಸಿನಕಾಯಿ ಮರೆತ, ಮತ್ತೆ ಓಡಿದ. ಪುಡಿ ಮಾಡಲು ಕೂತರೆ ಮಿಕ್ಸಿ ಸುಟ್ಟ ವಾಸನೆ ಬಿಟ್ಟು ನಿಂತಿತು. ರಾಗಿಣಿ ಆಂಟಿ ತಮ್ಮ ಮಿಕ್ಸಿ ಹೊತ್ತು ತಂದರು.

“ಖಾರ ಸ್ವಲ್ಪ ಮುಂದಿರ್ಲಿ. ಬೆಳ್ಳುಳ್ಳಿ ಬೇಡ.”

“ಆರ್ಡರ್ ನಿಮ್ದಲ್ಲ ಆಂಟಿ!”

“ಸುಮ್ನೆ ಹೇಳ್ದೆ ಕಣೋ.”

ಮುಚ್ಚಳ ಹಾರಿತು. ಮೂರು ಮನೆಯವರು ಒಟ್ಟಿಗೆ ಸೀನಿದರು. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಮುರಳಿ ಹೋಮದ ಹೊಗೆಯಲ್ಲಿ ಕೂತೆದ್ದ ಪುರೋಹಿತರಂತೆ ಕಣ್ಣೊರೆಸಿಕೊಳ್ಳುತ್ತಿದ್ದ. ಸೀತಮ್ಮ ಪ್ರಿಂಟಾದ ಲೇಬಲ್ಲನ್ನು ಎರಡು ಸಲ ಓದಿ, ಖುಷಿಯಿಂದ ಸವರಿ ಅಂಟಿಸಿದರು. ಪೆಟ್ಟಿಗೆ ಕೊರಿಯರ್‌ನವರ ಕೆಂಗೇರಿ ಗೋಡೌನಿಗೆ ಹೊರಟಿತು.

ಸಂಜೆ ಆರಕ್ಕೆ ಬಾಗಿಲ ಬೆಲ್ ಆಯಿತು. ಡೆಲಿವರಿಯ ರೇವಣಸಿದ್ದ ಅದೇ ಪೆಟ್ಟಿಗೆ ಹಿಡಿದು ನಿಂತಿದ್ದ.

“ಸೀತಮ್ಮ ಅಂದ್ರ ಯಾರ್ರೀ? ಎರಡು ಸಾವಿರದ ನಾಕನೂರ ಇಪ್ಪತ್ತೈದು ಕೊಡ್ರಿ.”

ಮುರಳಿ ಲೇಬಲ್ ಓದಿ ಅಮ್ಮನತ್ತ ತಿರುಗಿದ.

“ಬೀದಿಯವರೆಲ್ಲ ಸೇರಿ ಒಂದೇ ಆರ್ಡರ್ ಹಾಕಿದ್ವಿ ಕಣೋ,” ಎಂದರು ಸೀತಮ್ಮ. “ಚಾರ್ಜು ಒಂದೇ ಸಲ ಬೀಳುತ್ತಲ್ಲ! ದಿನವಿಡೀ ಮನೇಲಿರೋಳು ನಾನೇ ಅಂತ ನನ್ನ ಹೆಸರಿಗೆ ಹಾಕಿದ್ರು. ಒಂದನೇ ತಾರೀಕು ದುಡ್ಡು ಕೊಡ್ತಾರಂತೆ. ಈಗ ನೀನು ಕೊಟ್ಟಿರು.”

“ಬೇಡ ಅಂದ್ರೆ?” ಮುರಳಿ ರೇವಣಸಿದ್ದನನ್ನು ಕೇಳಿದ.

“ಕಳಿಸಿದವರಿಗೆ ವಾಪಸ್ ಹೋಗ್ತದ್ರಿ.” ಅವನು ಪೆಟ್ಟಿಗೆ ತಿರುಗಿಸಿ ವಿಳಾಸ ಓದಿದ. “ಅಂದ್ರ ಇಲ್ಲಿಗೇ ಬರ್ತದ್ರಿ. ನಾಳೆ ನಾನೇ ತರ್ತೀನಿ.”

ಮುರಳಿ ಪರ್ಸ್ ತೆಗೆದ.

“ಆ ನಲವತ್ತೊಂಬತ್ತಾದ್ರೂ ಅವರ ಹತ್ರ ಈಗ್ಲೇ ಇಸ್ಕೋಮ್ಮಾ.”

“ಅಕ್ಕಪಕ್ಕದವರ ಹತ್ರ ಅದನ್ನ ಕೇಳ್ತಾರೇನೋ? ಅದು ನಮ್ಮ ಕಡೆಯಿಂದ ಅಂತ ಹೇಳ್ಬಿಟ್ಟಿದೀನಿ.”

ಅಷ್ಟರಲ್ಲಿ ಮಹಡಿಯಿಂದ ದನಿ ಬಂತು: “ಮುರಳಿ, ಬಂತೇನೋ? ನಮ್ಮ ಪ್ಯಾಕೆಟ್ ಮೇಲಕ್ಕೆ ತಂದ್ಕೊಡಪ್ಪ, ಮಂಡಿ ನೋವು. ಮೆಟ್ಟಿಲಿಗೆ ಬೇರೆ ಚಾರ್ಜಿಲ್ಲ ತಾನೆ?”