ಯೆರಿಕೋ ಕೋಳಿಗೂಡು

"ನಾಲ್ಕು ಮಕ್ಕಳಿಗೆ ಮನೇಲಿ ಪಾಠ ಹೇಳೋದು ಏನು ಮಹಾ! ಅಂಗಡೀಲಿ ದಿನಾ ಎಷ್ಟು ಜನಕ್ಕೆ ಮೊಳೆಗೂ ಸ್ಕ್ರೂಗೂ ಇರೋ ವ್ಯತ್ಯಾಸ ಹೇಳ್ಕೊಡ್ತೀನಿ. ದೊಡ್ಡವರ ತಲೆಗೇ ಹೋಗತ್ತೆ ಅಂದ್ಮೇಲೆ ಮಕ್ಕಳು ಯಾವ ಲೆಕ್ಕ?"

ಹೀಗೆಂದು ಕರ್ಟಿಸ್ ಟ್ಯಾಲಿ ಭಾನುವಾರದ ಊಟದ ಮೇಜಿನಲ್ಲಿ ಘೋಷಿಸಿದಾಗ ಅವನ ಕೈಯಲ್ಲಿ ಹುರಿದ ಕೋಳಿಕಾಲು ರಾಜದಂಡದ ಹಾಗೆ ಮೇಲೆದ್ದಿತ್ತು. ಎದುರಿಗೆ ಕೂತಿದ್ದವಳು ಅತ್ತೆ ವರ್ನಾ. ಅರ್ಕಾನ್ಸಾದ ಆ ಸಣ್ಣ ಊರಿನ ಸರಕಾರಿ ಶಾಲೆಗೆ ಅರ್ಧ ಆಯುಷ್ಯ ಹೆಡ್‌ಮಿಸ್ಸಾಗಿದ್ದು ನಿವೃತ್ತಳಾದ ಹೆಂಗಸು. ಊರಿನ ಮಕ್ಕಳೆಲ್ಲ ಅವಳ ಕೈಕೆಳಗೆ ಅಕ್ಷರ ಕಲಿತರು. ಸ್ವಂತ ಮೊಮ್ಮಕ್ಕಳು ಮಾತ್ರ ಶಾಲೆಯ ಮೆಟ್ಟಿಲು ಹತ್ತಿಲ್ಲ! ಅದು ಅವಳಿಗೆ ನುಂಗಲಾರದ ತುತ್ತು.

ಟ್ಯಾಲಿ ಮನೆಯ ಶಾಲೆಗೆ ಹೆಡ್‌ಮಿಸ್ಸು, ಟೀಚರು, ಆಯಾ, ಗಂಟೆ ಹೊಡೆಯುವವಳು ಎಲ್ಲ ಕರ್ಟಿಸನ ಹೆಂಡತಿ ಶೆಲ್ಬಿಯೇ. ಬೆಳಗ್ಗೆ ಪ್ರಾರ್ಥನೆ, ಬೈಬಲ್ ಪಾಠ, ಆಮೇಲೆ ಲೆಕ್ಕ, ಆಮೇಲೆ ಒಂದೇ ಸೋಫಾದಲ್ಲಿ ನಾಲ್ಕೂ ಮಕ್ಕಳನ್ನು ಮೈಮೇಲೆ ಹಾಕಿಕೊಂಡು ಕಥೆ. ಆ ಸೋಫಾ ಅವಳ ಪಾಲಿಗೆ ಸ್ವರ್ಗದ ಒಂದು ಮೂಲೆ. ಆದರೆ ಆ ವಾರ ಅವಳ ಗಂಟಲು ಕೈಕೊಟ್ಟಿತ್ತು. ಒಂದು ವಾರ ಪಿಟ್ಟೆನ್ನಕೂಡದು, ಮಾತಾಡಿದರೆ ದನಿ ಪೂರ್ತಿ ಹೋದೀತು ಎಂದಿದ್ದರು ಡಾಕ್ಟರು. ಹಾಗಾಗಿ ಅವಳು ಮಕ್ಕಳ ಬಿಳಿ ಹಲಗೆಯೊಂದನ್ನು ಕೊರಳಿಗೆ ನೇತುಹಾಕಿಕೊಂಡು, ಹೇಳಬೇಕಾದ್ದನ್ನೆಲ್ಲ ಅದರ ಮೇಲೆ ಬರೆಯುತ್ತಿದ್ದಳು.

"ಹಾಗಾದ್ರೆ ಈ ವಾರ ಪಾಠ ನಿಂದು?" ವರ್ನಾ ಕನ್ನಡಕದ ಮೇಲಿಂದ ನೋಡಿದಳು.

"ರಜೆ ಹಾಕಿ ಆಯ್ತು ಅತ್ತೆ!"

"ಸರಿ. ಮುಂದಿನ ಭಾನುವಾರ ಊಟಕ್ಕೆ ಬರ್ತೀನಿ. ಮಕ್ಕಳಿಗೆ ನಾನೇ ಪ್ರಶ್ನೆ ಕೇಳ್ತೀನಿ. ಉತ್ತರ ಹೇಳಿದ್ರೆ, ಸ್ಕೂಲು ಅನ್ನೋ ಮಾತು ನಾನು ಇನ್ನು ಎತ್ತಲ್ಲ."

"ಹೇಳದಿದ್ರೆ?"

"ಆಗಸ್ಟ್‌ನಲ್ಲಿ ಸ್ಕೂಲಿನ ಹಳದಿ ಬಸ್ಸು ನಿಮ್ಮ ಗೇಟಿನ ಮುಂದೆ ನಿಲ್ಲತ್ತೆ. ಮಕ್ಕಳು ಅದನ್ನ ಹತ್ತುತ್ತಾರೆ."

"ಒಪ್ಪಿದೆ!" ಎಂದುಬಿಟ್ಟ ಕರ್ಟಿಸ್. ಶೆಲ್ಬಿ ಗಾಬರಿಯಿಂದ ಹಲಗೆಯ ಮೇಲೆ ಗೀಚಿ ಎತ್ತಿ ಹಿಡಿದಳು: "ನನ್ನನ್ನ ಒಂದು ಮಾತು ಕೇಳಬೇಕಿತ್ತು." ಅವನು ಆಗಲೇ ಎರಡನೇ ಕೋಳಿಕಾಲಿಗೆ ಕೈಹಾಕಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶೆಲ್ಬಿಯ ಸೋಫಾ ಒಂದು ಕೋಳಿಕಾಲಿನ ಭರಾಟೆಯಲ್ಲಿ ಪಣಕ್ಕೆ ಬಿತ್ತು.

ಸೋಮವಾರ ಬೆಳಗ್ಗೆ ಶಾಲೆ ಶುರು. ಹಾಜರಾತಿ: ಹಿರಿಯವಳು ಟಿರ್ಜಾ, ಬೈಬಲ್ಲಿನ ಒಂದು ಅಕ್ಷರವೂ ಆಚೀಚೆ ಆಗದಂತೆ ನೋಡಿಕೊಳ್ಳುವ ವಕೀಲೆ. ಎರಡನೆಯವನು ಸೈಲಸ್, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುವ ಎಂಜಿನಿಯರು. ಮೂರನೆಯವಳು ಡೋರ್ಕಸ್, ಕೋಳಿಗಳ ತಾಯಿ. ಕೊನೆಯವನು ಬೋವಜ್, ಮೂರು ವರ್ಷದ ಪುಂಡ.

"ನಿಮ್ಮಮ್ಮ ಪುಸ್ತಕದಲ್ಲಿ ಓದಿಸ್ತಾಳೆ. ನಾನು ಮಾಡಿ ತೋರಿಸ್ತೀನಿ!" ಎಂದು ಕರ್ಟಿಸ್ ತೋಳು ಮಡಚಿದ. "ಇವತ್ತು ಇಸ್ರಾಯೇಲರ ಸೇನಾಪತಿ ಯೆಹೋಶುವನ ಕಥೆ. ಇಸ್ರಾಯೇಲರು ಯೊರ್ದನ್ ನದಿ ದಾಟಿದ ಮೇಲೆ ನೆನಪಿಗೆ ಅಂತ ಹನ್ನೆರಡು ಕಲ್ಲು ತಂದು ನಿಲ್ಲಿಸಿದ್ರು. ಯಾಕೆ? ಮುಂದೆ ಯಾರಾದ್ರೂ ಬಂದು 'ಈ ಕಲ್ಲುಗಳ ಅರ್ಥವೇನು?' ಅಂತ ಕೇಳಿದ್ರೆ, ನಡೆದದ್ದನ್ನೆಲ್ಲ ಹೇಳೋಕೆ! ಹೋಗಿ, ನೀವೂ ಹನ್ನೆರಡು ಕಲ್ಲು ತನ್ನಿ!"

ಮಕ್ಕಳು ಆಟದ ಗಾಡಿ ಎಳೆದುಕೊಂಡು ಓಡಿದರು. ಕರ್ಟಿಸ್ ಕಾಫಿ ಬಸಿದುಕೊಂಡು ಕೂತ. ಕಪ್ಪು ಬರಿದಾಗುವಷ್ಟರಲ್ಲಿ ಜಗಲಿಯ ಪಕ್ಕ ಹನ್ನೆರಡು ಕಲ್ಲುಗಳ ರಾಶಿ ಎದ್ದಿತ್ತು. ಚಪ್ಪಟೆ, ಚೌಕ, ಒಂದಕ್ಕೊಂದು ಹೊಂದುವಂಥವು.

"ಎಂಥಾ ಚೆಂದದ ಕಲ್ಲುಗಳು!" ಎಂದು ಮೆಚ್ಚಿದ. ಎಲ್ಲಿಂದ ಬಂದವು ಎಂದು ಮಾತ್ರ ಕೇಳಲಿಲ್ಲ.

"ಈಗ ಮುಂದಿನ ಪಾಠ! ಯೆರಿಕೋ ಪಟ್ಟಣದ ಗೋಡೆ. ಇಸ್ರಾಯೇಲರು ಆರು ದಿನ ದಿನಕ್ಕೊಂದು ಸುತ್ತು ಹಾಕಿದ್ರು, ಏಳನೇ ದಿನ ಏಳು ಸುತ್ತು. ಆಮೇಲೆ ಕೊಂಬು ಊದಿ, ಎಲ್ಲರೂ ಕೂಗಿದ್ರು. ಗೋಡೆ ದಡಾರ್!"

"ನಮಗೆ ಯೆರಿಕೋ ಎಲ್ಲಿದೆ ಅಪ್ಪಾ?" ಎಂದ ಸೈಲಸ್.

ಕರ್ಟಿಸ್ ಹಿತ್ತಲಿನ ಕಡೆ ಕೈ ತೋರಿಸಿದ. ಅಲ್ಲಿ ಅವನ ಕೋಳಿಗೂಡು ನಿಂತಿತ್ತು. ಬರೀ ಗೂಡಲ್ಲ, ಅರಮನೆ! ಎರಡು ಅಂತಸ್ತು, ಇಳಿಜಾರು ಮಾಡು, ಕಿಟಕಿಗೆ ಪರದೆ. ಹಿಂದಿನ ವರ್ಷ ಅದನ್ನು ಕಟ್ಟಿ ಮುಗಿಸಿದ ದಿನ "ಲೋಕ ಮುಗಿಯೋ ದಿನ ಪ್ರಭು ಎರಡನೇ ಸಲ ಬರೋ ತನಕ ನಿಲ್ಲತ್ತೆ" ಎಂದು ಚರ್ಚಿನಲ್ಲೆಲ್ಲ ಸಾರಿಕೊಂಡು ಬಂದಿದ್ದ. ಅಡಿಪಾಯಕ್ಕೆ ಸದ್ಯಕ್ಕೆ ಬರೀ ಕಲ್ಲು ಜೋಡಿಸಿ, ಸಿಮೆಂಟು ಮುಂದಿನ ತಿಂಗಳು ಎಂದಿದ್ದ. ಆ ಮುಂದಿನ ತಿಂಗಳು ಇನ್ನೂ ಬಂದಿರಲಿಲ್ಲ.

ಸೈಲಸ್ ಅಕ್ಕನ ಮುಖ ನೋಡಿದ. ಅಕ್ಕ ಸೈಲಸನ ಮುಖ ನೋಡಿದಳು. "ಅಪ್ಪಾ, ಆ ಗೂಡು—" ಎಂದು ಸೈಲಸ್ ಬಾಯಿ ತೆರೆದ.

"ಶ್! ಸೇನಾಪತಿ ಆಜ್ಞೆ ಆಗಿದೆ! ನಾನು 'ಕೂಗಿ' ಅನ್ನೋ ತನಕ ಒಂದು ಮಾತೂ ನಿಮ್ಮ ಬಾಯಿಂದ ಹೊರಡಬಾರದು!"

"ಸುತ್ತು ಹಾಕುವಾಗ ಮಾತ್ರಾನಾ, ಏಳು ದಿನಾನೂನಾ?" ವಕೀಲೆ ಕೇಳಿದಳು.

ಅಷ್ಟು ಸೂಕ್ಷ್ಮವಾಗಿ ಕರ್ಟಿಸ್ ಓದಿಕೊಂಡಿರಲಿಲ್ಲ. "ಬೈಬಲ್‌ನಲ್ಲಿ ಹೇಗಿದೆಯೋ ಹಾಗೆ!" ಎಂದು ಗಂಭೀರವಾಗಿ ಹೇಳಿದ. ಟಿರ್ಜಾ ಒಳಗೆ ಹೋಗಿ ಓದಿದಳು. 'ಸುತ್ತು ಹಾಕುವಾಗ ಮಾತ್ರ' ಎಂದು ಅಲ್ಲಿ ಎಲ್ಲೂ ಬರೆದಿರಲಿಲ್ಲ. ಹೊರಗೆ ಬಂದವಳು ತುಟಿಗೆ ಬೀಗ ಹಾಕಿ ಕೀಲಿ ಎಸೆದಂತೆ ಅಭಿನಯಿಸಿದಳು. ಬರೆದರೂ ಮಾತೇ ಎಂದು ಪೆನ್ಸಿಲುಗಳನ್ನೂ ಡಬ್ಬಿಗೆ ಹಾಕಿ ಮುಚ್ಚಿಟ್ಟಳು. ನಾಲ್ಕು ಬಾಯಿಗಳು ಒಟ್ಟಿಗೆ ಮುಚ್ಚಿದವು.

ಆಹಾ, ಎಂಥ ವಾರ ಅದು! ದಿನಕ್ಕೊಮ್ಮೆ ಗೂಡಿಗೆ ಒಂದು ಮೂಕ ಸುತ್ತು. ಕೂಗಾಟವಿಲ್ಲ, ಚಾಡಿಯಿಲ್ಲ, 'ಅವನು ನನ್ನ ತಟ್ಟೆ ನೋಡ್ದ' ಎಂಬ ದೂರಿಲ್ಲ. ಮಕ್ಕಳು ಸನ್ನೆಯಲ್ಲೇ ಉಪ್ಪು ಕೇಳಿದರು, ಸನ್ನೆಯಲ್ಲೇ ಜಗಳವಾಡಿದರು. ಬೋವಜ್ ಎಡವಿ ಬಿದ್ದರೂ ಬಾಯಿಗೆ ಅಂಗಿ ತುರುಕಿಕೊಂಡು ಅತ್ತ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಕರ್ಟಿಸನ ಮನೆ ಆ ವಾರ ಬಂಗಾರದ ಗಣಿ! ಪಾಸ್ಟರ್ ಡಾರೆಲ್‌ಗೆ ಫೋನ್ ಮಾಡಿ, "ನಾಲ್ಕು ಮಕ್ಕಳ ಮನೇಲಿ ಗಡಿಯಾರದ ಸದ್ದು ಕೇಳಿಸ್ತಿದೆ ಪಾಸ್ಟರ್! ಬಂದು ನೋಡಿ" ಎಂದು ಆಮಂತ್ರಣವನ್ನೂ ಕೊಟ್ಟ.

ಬುಧವಾರ ಸೈಲಸ್ ಅವನ ಮುಂದೆ ನಿಂತು ಅಂಗೈ ಓರೆ ಮಾಡಿ ತೋರಿಸಿದ. ಇನ್ನಷ್ಟು ಓರೆ ಮಾಡಿದ. ಕೊನೆಗೆ ತಾನೇ ಓರೆಯಾಗಿ ನಿಂತ.

"ಪೀಸಾ ಗೋಪುರ! ಭೂಗೋಳ! ಶಭಾಷ್!" ಎಂದು ಕರ್ಟಿಸ್ ಬೆನ್ನು ತಟ್ಟಿದ. ಹುಡುಗ ತಲೆ ಚಚ್ಚಿಕೊಂಡ.

ಶೆಲ್ಬಿ ಕಿಟಕಿ ಪಕ್ಕ ಮಲಗಿದ್ದಲ್ಲಿಂದಲೇ ಹಲಗೆ ಎತ್ತಿದಳು: "ಆ ಹನ್ನೆರಡು ಕಲ್ಲು ಎಲ್ಲಿಂದ ಬಂತು? ಕೇಳು."

"ಕರ್ತನು ಒದಗಿಸಿದ!"

ಮರುದಿನ ಮತ್ತೆ ಹಲಗೆ: "ಕೋಳಿಗೂಡು ವಾಲಿದ ಹಾಗೆ ಕಾಣ್ತಿದೆ."

"ಹಾಸಿಗೇಲಿ ಮಲಗಿ ನೋಡಿದ್ರೆ ಪ್ರಪಂಚವೇ ವಾಲಿರತ್ತೆ ಕಣೇ! ನೀನು ಕಷಾಯ ಕುಡಿ" ಎಂದು ಕರ್ಟಿಸ್ ತನ್ನ ಅಂಗಿಯ ತೋಳಿನಿಂದಲೇ ಹಲಗೆ ಒರೆಸಿಬಿಟ್ಟ. ಅವಳ ಗಂಟಲಿನಲ್ಲಿ ಎಷ್ಟು ಬೈಗುಳ ಸಾಲಾಗಿ ನಿಂತಿದ್ದವೋ ಅವಳಿಗೂ ಅವಳ ದೇವರಿಗೂ ಗೊತ್ತು.

ಭಾನುವಾರ ಚರ್ಚು ಮುಗಿಸಿ ವರ್ನಾ ಬಂದಳು. ಕೈಯಲ್ಲಿ ಪೀಚ್ ಹಣ್ಣಿನ ಹೂರಣ ತುಂಬಿದ ಬಿಸಿ ಪೈ, ಮುಖದಲ್ಲಿ ಪರೀಕ್ಷೆಯ ಕಳೆ. ಕೂತವಳೇ ಶುರು ಮಾಡಿದಳು.

"ಟಿರ್ಜಾ, ಏಳು ಎಂಟ್ಲೆ ಎಷ್ಟಮ್ಮಾ?"

ಟಿರ್ಜಾ ತುಟಿ ಬಿಗಿಹಿಡಿದಳು.

"ಸೈಲಸ್, ಮಿಸಿಸಿಪ್ಪಿ ನದಿ ಎಲ್ಲಿ ಸಮುದ್ರ ಸೇರತ್ತೆ ಪುಟ್ಟಾ?"

ಸೈಲಸ್ ಸೂರು ನೋಡಿದ.

"ಡೋರ್ಕಸ್, ನಿನ್ನ ಹೆಸರಾದ್ರೂ ಹೇಳು ಮರೀ!"

ಡೋರ್ಕಸ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಕರ್ಟಿಸ್ ಕುರ್ಚಿ ಬಿಟ್ಟೆದ್ದ. "ಹೇಳ್ರೋ! ಉತ್ತರ ಹೇಳಿ! ನಾನೇ ಹೇಳ್ತಿದ್ದೀನಲ್ಲ!" ಎಂದು ಅಂಗಲಾಚಿದ. ಟಿರ್ಜಾ ಬೈಬಲ್ ತೆರೆದು ವಚನದ ಮೇಲೆ ಬೆರಳಿಟ್ಟು ಅಪ್ಪನ ಮೂಗಿನ ಕೆಳಗೆ ಹಿಡಿದಳು. 'ಕೂಗಿ' ಎನ್ನುವ ತನಕ ಮಾತಿಲ್ಲ. ಏಳನೇ ದಿನದ ಏಳು ಸುತ್ತು ಮುಗಿಯದೆ 'ಕೂಗಿ' ಎನ್ನುವಂತಿಲ್ಲ. ಆಜ್ಞೆ ಎಂದರೆ ಆಜ್ಞೆ.

"ಒಂದು ವಾರ ಕಲಿಸಿದ್ದು ಇದಾ ಕರ್ಟಿಸ್? ಇದ್ದ ಮಾತೂ ಹೋಯ್ತಲ್ಲೋ!" ವರ್ನಾ ಶಾಲೆಯ ಅರ್ಜಿ ತೆಗೆಯಲು ಕೈಚೀಲ ತೆರೆದಳು. "ಶಾಲೆಯವರನ್ನ ವಿಚಾರಿಸಿ ಬಂದಿದ್ದೀನಿ. ಬಸ್ಸು ಈ ರಸ್ತೇಲೇ ಬರತ್ತಂತೆ."

ಶೆಲ್ಬಿ ಬಾಗಿಲಿಗೆ ಒರಗಿ ಸೋಫಾವನ್ನೇ ನೋಡುತ್ತ ನಿಂತಳು, ಕಣ್ಣು ತುಂಬಿಬಂದಿತ್ತು. ಅದನ್ನು ಕರ್ಟಿಸ್ ಕಂಡ. ಆ ವಾರದಲ್ಲಿ ಅವನು ಹೆಂಡತಿಯ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು.

"ಅತ್ತೆ, ಹತ್ತೇ ನಿಮಿಷ! ಹಿತ್ತಲಿಗೆ ಬನ್ನಿ! ಕಾಲಿಗೆ ಬೀಳ್ತೀನಿ!"

ವರ್ನಾ ಪೈಯನ್ನು ತೊಡೆಯ ಮೇಲಿಟ್ಟುಕೊಂಡು ಹುಲ್ಲಿನ ಮೇಲೆ ಕುರ್ಚಿ ಹಾಕಿಸಿಕೊಂಡಳು. ಮೆರವಣಿಗೆ ಹೊರಟಿತು. ಮುಂದೆ ಕರ್ಟಿಸ್, ಹೈಸ್ಕೂಲಿನಲ್ಲಿ ಊದುತ್ತಿದ್ದ ಟ್ರಾಂಬೋನ್ ಹೊತ್ತು. ಹಿಂದೆ ಸೈಕಲ್ ಹಾರ್ನ್ ಹಿಡಿದ ಸೈಲಸ್, ಬೈಬಲ್ ಹಿಡಿದ ಟಿರ್ಜಾ, ಎಣ್ಣೆ ಸುರಿಯುವ ಲಾಳಿಕೆಯನ್ನೇ ಕೊಂಬು ಮಾಡಿಕೊಂಡ ಬೋವಜ್. ಡೋರ್ಕಸ್ ಮಾತ್ರ ನಡುವೆ ಓಡಿಹೋಗಿ, ಬೇಲಿಯ ಕಂಬಕ್ಕಿದ್ದ ಒಂಟಿ ಗೂಡುಪೆಟ್ಟಿಗೆಗೆ ತನ್ನ ಜಡೆಯ ಕೆಂಪು ರಿಬ್ಬನ್ ಕಟ್ಟಿ ಬಂದಳು. ಅದರೊಳಗೆ ಅವಳ ಮುದ್ದಿನ ಹೇಂಟೆ ಕಾವು ಕೂತಿತ್ತು. ಯೆರಿಕೋದಲ್ಲಿ ಕೆಂಪು ದಾರ ಕಟ್ಟಿದ ರಾಹಾಬಳ ಮನೆಯೊಂದೇ ಉಳಿದದ್ದು ಎಂದು ಅವಳಿಗೆ ಗೊತ್ತಿತ್ತು.

ಏಳನೇ ಸುತ್ತು ಮುಗಿಯಿತು. ಟ್ರಾಂಬೋನು ಹೆರಿಗೆ ನೋವಿನ ಎಮ್ಮೆಯ ಹಾಗೆ ಅರಚಿತು. ಗೂಡಿನೊಳಗಿನ ಕೋಳಿಗಳೆಲ್ಲ ಹೆದರಿ ಒಟ್ಟಿಗೆ ಹಿಂಬದಿಗೆ ನುಗ್ಗಿದವು. ಕರ್ಟಿಸ್ ಕೈ ಎತ್ತಿದ.

"ಕೂಗಿ!"

ಒಂದು ವಾರದ ಮಾತು ಒಂದೇ ಬಾರಿಗೆ ಕಟ್ಟೆ ಒಡೆಯಿತು.

"ಐವತ್ತಾರು!" ಎಂದು ಟಿರ್ಜಾ.

"ಮೆಕ್ಸಿಕೋ ಕೊಲ್ಲಿ! ಅಪ್ಪಾ, ಗೂಡು ಬೀಳತ್ತೆ!" ಎಂದು ಸೈಲಸ್.

"ಡೋರ್ಕಸ್ ಅಜ್ಜೀ, ಡೋರ್ಕಸ್!"

"ಉಚ್ಚೆ!" ಎಂದು ಬೋವಜ್. ಅವನದು ಎಲ್ಲಕ್ಕಿಂತ ಹಳೆಯ ಬೇಡಿಕೆ.

ಪ್ರಭು ಎರಡನೇ ಸಲ ಬರುವ ತನಕ ನಿಲ್ಲಬೇಕಾದ ಕೋಳಿಗೂಡು ಒಮ್ಮೆ ನಿಟ್ಟುಸಿರು ಬಿಟ್ಟಿತು. ಮೆಲ್ಲಗೆ ಹಿಂದಕ್ಕೆ ಬಾಗಿತು. ಆಮೇಲೆ ಮಾಡು, ಅಂತಸ್ತು, ಕಿಟಕಿಯ ಪರದೆ ಸಮೇತ ದಡಾರ್! ಪುಕ್ಕದ ಮೋಡ ಎದ್ದಿತು. ಕೋಳಿಗಳು ದಿಕ್ಕಾಪಾಲಾಗಿ ಹಾರಿದವು. ಹುಂಜ ನೇರವಾಗಿ ಬಂದು ವರ್ನಾಳ ಪೀಚ್ ಪೈಯಲ್ಲಿ ಇಳಿಯಿತು. ಕೆಂಪು ರಿಬ್ಬನ್ನಿನ ಪೆಟ್ಟಿಗೆಯೊಂದು ಮಾತ್ರ ಕಂಬದ ಮೇಲೆ ಅಲ್ಲಾಡದೆ ನಿಂತಿತ್ತು, ಹೇಂಟೆ ಒಳಗಿನಿಂದ ಬೇಸರದಿಂದ ನೋಡಿತು. ಆ ಪೆಟ್ಟಿಗೆಗೆ ಮೊಳೆ ಹೊಡೆದಿದ್ದವಳು ಶೆಲ್ಬಿ.

"ಗೋಡೆ ಬಿತ್ತು! ದೇವರಿಗೆ ಸ್ತೋತ್ರ!" ಮಕ್ಕಳು ಕುಣಿದರು.

"ಹೇಗೆ... ಹೇಗೆ ಬಿತ್ತು?" ಕರ್ಟಿಸ್ ತೊದಲಿದ.

"ಕಲ್ಲು ಅಲ್ಲಿಂದಲೇ ತಂದಿದ್ದು ಅಪ್ಪಾ!" ಸೈಲಸ್ ವಾರದಿಂದ ಹಿಡಿದಿಟ್ಟದ್ದನ್ನು ಒಂದೇ ಉಸಿರಿಗೆ ಒದರಿದ. "ಹನ್ನೆರಡು ಕಲ್ಲು ತನ್ನಿ ಅಂತ ನೀನು. ಕಲ್ಲಿರೋ ಹೊಳೆ ಹತ್ರ ಹೋಗ್ಬೇಡಿ ಅಂತ ಯಾವಾಗ್ಲೂ ಅಮ್ಮ. ತಂದೆತಾಯಿ ಇಬ್ಬರ ಮಾತೂ ಕೇಳಬೇಕಲ್ಲ! ಅದಕ್ಕೇ ಗೂಡಿನ ಕೆಳಗಿಂದ ಎಳೆದ್ವಿ. ಹೇಳೋಕೆ ಬಂದ್ರೆ ನೀನು ಶ್ ಅಂದೆ. ವಾಲಿ ತೋರಿಸಿದ್ರೆ ಪೀಸಾ ಅಂದೆ!"

ಶೆಲ್ಬಿ ಕೊರಳಿನ ಹಲಗೆ ತೆಗೆದು ಕೆಳಗಿಟ್ಟಳು. ಡಾಕ್ಟರು ಹೇಳಿದ ವಾರ ಮುಗಿದಿತ್ತು. ಜಗಲಿಯ ಪಕ್ಕದ ರಾಶಿಯತ್ತ ಬೆರಳು ತೋರಿಸಿ, ತುಕ್ಕು ಹಿಡಿದ ಬಾಗಿಲಿನಂಥ ದನಿಯಲ್ಲಿ ವಾರದ ಮೊದಲ ಮಾತಾಡಿದಳು:

"ಕರ್ಟಿಸ್, ಈ ಕಲ್ಲುಗಳ ಅರ್ಥವೇನು?"

ಉತ್ತರವಿದ್ದದ್ದು ಮಕ್ಕಳ ಹತ್ತಿರ. ಯೊರ್ದನ್ ನದಿಯಿಂದ ಹಿಡಿದು ಯೆರಿಕೋ ತನಕ, ಒಂದು ಹೆಸರೂ ಬಿಡದೆ ನಾಲ್ವರೂ ಒಪ್ಪಿಸಿದರು. ವರ್ನಾ ಮಡಿಲಿನ ಹುಂಜವನ್ನು ಕೆಳಗಿಳಿಸಿ, ಕೈಚೀಲ ಮುಚ್ಚಿ, ಮಗಳ ಹೆಗಲ ಮೇಲೆ ಕೈಯಿಟ್ಟಳು.

"ಮಕ್ಕಳು ಮನೇಲೇ ಇರ್ಲಿ ಶೆಲ್ಬಿ. ನಾನಿನ್ನು ಆ ಮಾತು ಎತ್ತಲ್ಲ. ಆದ್ರೆ ಬಸ್ಸಿನಲ್ಲಿ ಒಂದು ಸೀಟು ನಿನ್ನ ಗಂಡನಿಗೆ ಹೇಳಿಡ್ತೀನಿ. ಒಂದನೇ ಕ್ಲಾಸಿಗೆ ಹೋಗಿ ಬರ್ಲಿ."

ಶೆಲ್ಬಿ ನಕ್ಕಳು, ಕೆಮ್ಮಿದಳು, ಮತ್ತೆ ನಕ್ಕಳು. ಆ ಸಂಜೆಯೇ ನಾಲ್ಕೂ ಮಕ್ಕಳು ಸೋಫಾದಲ್ಲಿ ಅವಳ ಮೈಮೇಲಿದ್ದರು. ಕರ್ಟಿಸ್ ಒಬ್ಬನೇ ಹಿತ್ತಲಿನಲ್ಲಿ ಕೋಳಿ ಹಿಡಿಯುತ್ತಿದ್ದ.

ಮಾರನೇ ದಿನ ಗೂಡನ್ನು ಮತ್ತೆ ನಿಲ್ಲಿಸಲು, ಈ ಸಲ ಸಿಮೆಂಟಿನ ಮೂಟೆಯೊಂದಿಗೆ, ಅವನು ಕಲ್ಲಿನ ರಾಶಿಗೆ ಕೈ ಹಾಕಿದ. ಬೋವಜ್ ಅದರ ಮೇಲೆ ಹತ್ತಿ ಕೂತುಬಿಟ್ಟ. ಟಿರ್ಜಾ ಬೈಬಲ್ ಹಿಡಿದು ಬಂದೇ ಬಂದಳು. "ಇವು ಸದಾಕಾಲದ ಜ್ಞಾಪಕ ಅಪ್ಪಾ. ತೆಗೆಯೋ ಹಾಗಿಲ್ಲ. ಇಲ್ಲೇ ಬರೆದಿದೆ ನೋಡು." ಶೆಲ್ಬಿ ಕಿಟಕಿಯಿಂದ, ಹೊಸದಾಗಿ ಬಂದ ದನಿಯಲ್ಲಿ, "ಬೈಬಲ್‌ನಲ್ಲಿ ಹೇಗಿದೆಯೋ ಹಾಗೆ!" ಎಂದಳು.

ಕರ್ಟಿಸ್ ಬೇರೆ ಕಲ್ಲು ತರಲು ಹೊಳೆಗೆ ಇಳಿದ. ಕೆಸರು ಮೆತ್ತಿಕೊಂಡು ಹಿಂದಿರುಗಿ, ರಾಶಿ ಕಾಣದಿರಲೆಂದು ವ್ಯಾನನ್ನು ಅದಕ್ಕೆ ಅಡ್ಡ ನಿಲ್ಲಿಸುತ್ತಿದ್ದಾಗ ಗೇಟು ಕಿರುಗುಟ್ಟಿತು. ಶಾಂತವಾದ ಮನೆಯನ್ನು ನೋಡಲು ಪಾಸ್ಟರ್ ಡಾರೆಲ್ ಬಂದಿದ್ದರು, ಜೊತೆಗೆ ಚರ್ಚಿನ ಅರ್ಧ ಜನ. ಪಾಸ್ಟರ್ ವ್ಯಾನನ್ನು ಬಳಸಿ ಬಂದು ರಾಶಿಯ ಮುಂದೆ ನಿಂತರು.

"ಅರೆ! ಈ ಕಲ್ಲುಗಳ ಅರ್ಥವೇನು ಮಕ್ಕಳೇ?"

ಬೋವಜ್ ರಾಶಿಯ ತುದಿಯಲ್ಲಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.