ರೇವಣಸಿದ್ದಯ್ಯನವರ ಸಹಿ

ರೇವಣಸಿದ್ದಯ್ಯನವರು ಲಿಂಗೈಕ್ಯರಾಗಿ ಮೂರು ತಿಂಗಳಾಗಿತ್ತು. ಗುಬ್ಬಿಯ ಖಾಸಗಿ ಕಾಲೇಜಿನಿಂದ ಕುಣಿಗಲ್ ಶಾಖೆಗೆ ಹೋಗುವ ಪ್ರಶ್ನೆಪತ್ರಿಕೆಗೆ ಕಂಪ್ಯೂಟರಿನಲ್ಲಿ ಬೀಗ ಹಾಕಿ, ಡಿಜಿಟಲ್ ಸಹಿ ಒತ್ತುವುದು ಅವರ ಕೆಲಸ. ಅದೀಗ ತಾತ್ಕಾಲಿಕ ಗುಮಾಸ್ತ ಚನ್ನೇಶನ ಪಾಲಿಗೆ ಬಂದಿತ್ತು. ಇವತ್ತಿನ ಪತ್ರಿಕೆ ಅವನದೇ ಸಹಿಯಲ್ಲಿ ಹೋದರೆ ಅದೇ ಹುದ್ದೆಗೆ ಕಾಯಂ ಎಂದು ಮುಖ್ಯಸ್ಥ ಸೋಮಶೇಖರ್ ಮಾತು ಕೊಟ್ಟಿದ್ದರು.

ಬೀಗದ ಸಾಫ್ಟ್‌ವೇರ್ ಎರಡಿದ್ದವು. ಹೊಸದು ಬಂದರೂ ಹಳೇದನ್ನು ಕಿತ್ತುಹಾಕಲು ಯಾರಿಗೂ ಧೈರ್ಯವಿರಲಿಲ್ಲ. ಎರಡಕ್ಕೂ ಸಹಿ ಒತ್ತುವ ಕೀಲಿಗಳ ಫೈಲ್ ಒಂದೇ ಎಂದು ನಂಬಿದ್ದ ಚನ್ನೇಶ್, ಹಳೇದರಲ್ಲಿ ರೇವಣಸಿದ್ದಯ್ಯನವರ ಕೀಲಿ ಅಳಿಸಿ, ತನ್ನದನ್ನು ಸೇರಿಸಿ, ಹೊಸದರಿಂದ ಪತ್ರಿಕೆ ಕಳಿಸಿದ. ಒಂದು ಪ್ರತಿ ರೂಢಿಯಂತೆ ತುಮಕೂರಿನ ಆಡಳಿತ ಮಂಡಳಿಗೂ ಹೋಯಿತು.

ಹತ್ತು ನಿಮಿಷಕ್ಕೆ ಕುಣಿಗಲ್ ಶಾಖೆಯ ಮೋನಿಕಾ ಫೋನ್ ಮಾಡಿದಳು.

"ಪೇಪರ್ ಓಪನ್ ಆಯ್ತು ಸರ್. ಆದ್ರೆ ಸೈನು ರೇವಣಸಿದ್ದಯ್ಯ ಸಾರ್‌ದು. ಇವತ್ತೇ, ಹನ್ನೊಂದೂ ಹತ್ತಕ್ಕೆ ಹಾಕವ್ರೆ."

ಚನ್ನೇಶ್ ಹಳೇದನ್ನು ತೆರೆದು ನೋಡಿದ, ಅವರ ಹೆಸರಿರಲಿಲ್ಲ. ಮತ್ತೆ ಕಳಿಸಿದ. ಮತ್ತೆ ಅವರದೇ ಸಹಿ. ಫ್ಯಾನೂ ತಿರುಗದ ಆ ಕೋಣೆಯಲ್ಲಿ ಅವರ ಹಳೇ ಕುರ್ಚಿ ಕಿರ್ರೆಂದಿತು.

ಪಕ್ಕದ ಟೇಬಲ್ಲಿನ ಸರ್ವಮಂಗಳ ಸುಮ್ಮನಿರುವ ಪೈಕಿಯಲ್ಲ. ಕಂಪ್ಯೂಟರಿಗೆ ವಿಭೂತಿ ಹಚ್ಚಿದರು. ರೇವಣಸಿದ್ದಯ್ಯನವರಿಗೆ ಆ ಹೊತ್ತಿಗೆ ಟೀ ಆಗಲೇಬೇಕಿತ್ತೆಂದು ಒಂದು ಲೋಟ ತಂದಿಟ್ಟರು.

"ಅವರ ಜಾಗಕ್ಕೆ ಕೈ ಹಾಕೋ ಮುಂಚೆ ಒಂದ್ಮಾತು ಕೇಳ್ಬೇಕಿತ್ತು ಕಣಪ್ಪ" ಎಂದರು.

ಚನ್ನೇಶ್ ಖಾಲಿ ಕುರ್ಚಿಗೆ ಕೈಮುಗಿದು ಮೂರನೇ ಸಲ ಕಳಿಸಿದ. ಸಹಿ ಬದಲಾಗಲಿಲ್ಲ. ಟೀ ಮಾತ್ರ ಅರ್ಧಕ್ಕಿಳಿದಿತ್ತು.

ಮಧ್ಯಾಹ್ನ ಕಂಪ್ಯೂಟರ್ ರಿಪೇರಿಯ ಭೀಮರಾಜ್ ಬಂದು ಗುಟ್ಟು ಬಿಡಿಸಿದ. ಹೊಸ ಸಾಫ್ಟ್‌ವೇರ್ ಬಂದ ದಿನವೇ ಹಳೇ ಕೀಲಿಗಳನ್ನು ತನ್ನ ಪೆಟ್ಟಿಗೆಗೆ ನಕಲು ಮಾಡಿಕೊಂಡಿತ್ತು. ಆಮೇಲೆ ಹಳೇದರಲ್ಲಿ ಏನು ಅಳಿಸಿದರೂ, ಏನು ಸೇರಿಸಿದರೂ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಅದರ ಲೆಕ್ಕದಲ್ಲಿ ರೇವಣಸಿದ್ದಯ್ಯ ಇನ್ನೂ ಸತ್ತಿರಲಿಲ್ಲ, ಚನ್ನೇಶ್ ಇನ್ನೂ ಹುಟ್ಟಿರಲಿಲ್ಲ.

ಹೋದ ಜೀವ ಬಂದಂತಾಗಿ ಚನ್ನೇಶ್ ಸೋಮಶೇಖರ್ ಬಳಿ ಓಡಿದ. ಐದು ನಿಮಿಷದಲ್ಲಿ ಸರಿ ಮಾಡುತ್ತೇನೆ, ಕಾಯಂ ಆರ್ಡರ್ ಕೊಡಿ ಎಂದು ಬೇಡಿಕೊಂಡ. ಅವರು ಆಡಳಿತ ಮಂಡಳಿಯಿಂದ ಆಗಷ್ಟೇ ಬಂದಿದ್ದ ಪತ್ರ ಮುಂದೆ ತಳ್ಳಿದರು.

'ಶ್ರೀ ರೇವಣಸಿದ್ದಯ್ಯನವರು ಇಂದು ಮೂರು ಬಾರಿ ಸಹಿ ಮಾಡಿ ಕರ್ತವ್ಯ ನಿರ್ವಹಿಸಿರುವುದು ದಾಖಲೆಯಿಂದ ಕಂಡುಬಂದಿದೆ. ಆದ್ದರಿಂದ ಸದರಿ ಹುದ್ದೆ ಖಾಲಿ ಇರುವುದಿಲ್ಲ.'